ಎಲ್ಲೆ ನಡಿಗೆ: ಗ್ರಾಮಾಚರಣೆಯಿಂದ ಸಾಮೂಹಿಕ ಕಲೆಯೆಡೆಗೆ

ಗ್ರಾಮದ ಎಲ್ಲೆಯು ನಕಾಶೆಯ ಗೆರೆಯಾಗುವುದಕ್ಕೆ ಮುನ್ನ ಜನರ ನೆನಪಿನಲ್ಲಿ ಉಳಿದಿದ್ದ ದಾರಿಯಾಗಿತ್ತು. ಆ ನೆನಪನ್ನು ಕಾಯ್ದುಕೊಂಡ ಮುಖ್ಯ ಸಾಧನ ನಡಿಗೆ. ಇಂಗ್ಲೆಂಡಿನ ‘ಪ್ಯಾರಿಷ್’, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಗ್ರಾಮ ಘಟಕದ ಎಲ್ಲೆಯನ್ನು ಊರವರು ಕೂಡಿ ಸುತ್ತಿಬರುತ್ತಿದ್ದ ಪದ್ಧತಿ ಇದಕ್ಕೆ ಉತ್ತಮ ನಿದರ್ಶನ.

ಈ ಪದ್ಧತಿಯ ಹಿಂದಿರುವ ತಿಳಿವಳಿಕೆ ಬಹು ಪ್ರಾಚೀನವಾದುದು. ಆಂಗ್ಲೋ-ಸ್ಯಾಕ್ಸನ್ ಕಾಲದ ಅನೇಕ ಭೂದಾನ ಪತ್ರಗಳಲ್ಲಿ ದಾನದ ಒಕ್ಕಣೆ ಲ್ಯಾಟಿನ್‌ನಲ್ಲಿದ್ದರೆ, ಎಲ್ಲೆಯ ವಿವರ ಹಳೆಯ ಇಂಗ್ಲಿಷಿನಲ್ಲಿದೆ. ಹಳ್ಳ, ಕಲ್ಲು, ಮುಳ್ಳುಮರ, ದಿಬ್ಬ ಎಂದು ಒಂದೊಂದಾಗಿ ಗುರುತುಗಳನ್ನು ಹೇಳುತ್ತ ಆ ವಿವರವು ಹೊರಟ ಜಾಗಕ್ಕೇ ಮರಳುತ್ತದೆ. ಕರ್ನಾಟಕದ ಹಲವು ತಾಮ್ರಶಾಸನಗಳಲ್ಲಿ ಪ್ರಶಸ್ತಿಭಾಗ ಸಂಸ್ಕೃತದಲ್ಲಿದ್ದು, ಸೀಮಾವಿವರ ಕನ್ನಡದಲ್ಲಿರುವುದನ್ನು ಇಲ್ಲಿ ನೆನೆಯಬಹುದು. ಎಲ್ಲೆಯನ್ನು ಬಲ್ಲವರು ಅದರ ಮೇಲೆ ನಡೆದಾಡುವವರೇ ಆದುದರಿಂದ ಅದನ್ನು ಅವರ ನುಡಿಯಲ್ಲಿಯೇ ದಾಖಲಿಸಬೇಕಾಗಿತ್ತು.

ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಪಾದ್ರಿ, ಗ್ರಾಮಾಧಿಕಾರಿಗಳು, ವೃದ್ಧರು ಹಾಗೂ ಬಾಲಕರು ಒಟ್ಟಾಗಿ ಹೊರಟು, ಎಲ್ಲೆಗುರುತುಗಳನ್ನು ಕೋಲುಗಳಿಂದ ಬಡಿಯುತ್ತ ಸಾಗುತ್ತಿದ್ದರು. ಇದರಿಂದಲೇ ಈ ಆಚರಣೆಗೆ ‘ಎಲ್ಲೆ ಬಡಿಯುವುದು’ ಎಂಬ ಅರ್ಥದ ಹೆಸರು ಬಂದಿತು. ಸ್ಥಳ ಮರೆಯದಿರಲೆಂದು ಬಾಲಕರನ್ನು ಎಲ್ಲೆಗಲ್ಲಿಗೆ ತಾಗಿಸುವ ವಾಡಿಕೆಯೂ ಇತ್ತು. 1559ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಆಜ್ಞೆಗಳು ಇತರ ಮೆರವಣಿಗೆಗಳನ್ನು ನಿಷೇಧಿಸಿದರೂ ಇದನ್ನು ಉಳಿಸಿದವು. ಕವಿ ಹಾಗೂ ಪಾದ್ರಿ ಜಾರ್ಜ್ ಹರ್ಬರ್ಟ್, 1652ರಲ್ಲಿ ಪ್ರಕಟವಾದ ತನ್ನ ಗದ್ಯಕೃತಿಯಲ್ಲಿ, ಗಡಿಯ ರಕ್ಷಣೆಯ ಜೊತೆಗೆ ನೆರೆಹೊರೆಯವರ ನಡುವಣ ಮನಸ್ತಾಪ ನಿವಾರಣೆಯನ್ನೂ ಇದರ ಪ್ರಯೋಜನವೆಂದು ಹೇಳಿದ್ದಾನೆ.

ಆದರೆ ಈ ಎಲ್ಲೆ ಕೇವಲ ಸೌಹಾರ್ದದ ಕುರುಹಾಗಿರಲಿಲ್ಲ. 1601ರ ಶಾಸನವು ಬಡವರ ಪೋಷಣೆಯ ಹೊಣೆಯನ್ನು ಪ್ಯಾರಿಷ್‌ಗೆ ವಹಿಸಿತು; 1662ರ ಶಾಸನವು ಹೊರಗಿನಿಂದ ಬಂದ ಬಡವರನ್ನು ಮರಳಿ ಕಳುಹಿಸಲು ಅವಕಾಶ ನೀಡಿತು. ಹೀಗೆ ಒಂದು ಹಳ್ಳದ ಈಚೆ ಅಥವಾ ಆಚೆ ಇರುವುದು ಅನ್ನದ ಪ್ರಶ್ನೆಯೂ ಆಗಿತ್ತು. 1841ರ ಭೂಮಾಪನ ಶಾಸನದ ಅನ್ವಯ ಸ್ಥಳೀಯ ಎಲ್ಲೆಬಲ್ಲವರು ಸರ್ಕಾರಿ ಮೋಜಣಿದಾರರಿಗೆ ಗಡಿಯನ್ನು ತೋರಿಸಿಕೊಟ್ಟರು. ನೆನಪು ನಕಾಶೆಗೆ ಸೇರಿದ ಬಳಿಕ ನಡಿಗೆಯ ವ್ಯಾವಹಾರಿಕ ಅಗತ್ಯ ಕುಗ್ಗಿತು.

ನಡಿಗೆಯು ಕಲೆಯಾಗಿ ಮರಳಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1967ರಲ್ಲಿ ರಿಚರ್ಡ್ ಲಾಂಗ್ ಹುಲ್ಲುಗಾವಲಿನಲ್ಲಿ ಹಿಂದುಮುಂದಾಗಿ ನಡೆದು ಮೂಡಿಸಿದ ಗೆರೆ ಒಬ್ಬನೇ ಕಲಾವಿದನ ಕೃತಿ. ಇದಕ್ಕಿಂತ ಭಿನ್ನವಾದ ಮಾರ್ಗವನ್ನು ಹಿಡಿದುದು 1983ರಲ್ಲಿ ಸ್ಯೂ ಕ್ಲಿಫರ್ಡ್, ಏಂಜೆಲಾ ಕಿಂಗ್ ಮತ್ತು ರೋಜರ್ ಡೀಕಿನ್ ಸ್ಥಾಪಿಸಿದ ‘ಕಾಮನ್ ಗ್ರೌಂಡ್’ ಸಂಸ್ಥೆ. ಅದರ ‘ಪ್ಯಾರಿಷ್ ಮ್ಯಾಪ್ಸ್’ ಯೋಜನೆಯಲ್ಲಿ ಊರಿನವರೇ ಕೂಡಿ, ತಮಗೆ ಮುಖ್ಯವೆನಿಸಿದ ಮರ, ಕಾಲುದಾರಿ, ಹೊಲದ ಹೆಸರುಗಳನ್ನು ಕಸೂತಿ, ಚಿತ್ರ ಮೊದಲಾದ ಮಾಧ್ಯಮಗಳಲ್ಲಿ ನಿರೂಪಿಸಿದರು. ಮುಂದೆ ಇಟಲಿಯ ಸಮುದಾಯ ನಕಾಶೆಗಳಿಗೂ ಈ ಯೋಜನೆ ಪ್ರೇರಣೆಯಾಯಿತು.

ಇಂತಹ ಕೃತಿಗೆ ಒಬ್ಬ ಕರ್ತೃವಿಲ್ಲ. ಹೊಲದ ಹೆಸರು ಬಲ್ಲ ವೃದ್ಧೆ, ಹಳ್ಳ ದಾಟುವ ಜಾಗ ಬಲ್ಲ ಕುರುಬ, ಪ್ರಶ್ನೆ ಕೇಳುವ ಮಗು ಮೂವರೂ ಅದರ ರಚನೆಯಲ್ಲಿ ಭಾಗಿಗಳಾಗಬಲ್ಲರು. ಆದರೆ ಎಲ್ಲೆಯ ಚರಿತ್ರೆಯಲ್ಲಿ ಹೊರಗಟ್ಟಲ್ಪಟ್ಟವರೂ ಇದ್ದಾರೆ. ಅವರನ್ನು ಮರೆತ ನಡಿಗೆ ಬರಿಯ ಉತ್ಸವವಾದೀತು. ಯಾರು ನಡೆಯುತ್ತಿದ್ದಾರೆ ಎಂಬುದರ ಜೊತೆಗೆ ಯಾರು ಈ ನಡಿಗೆಯಲ್ಲಿಲ್ಲ ಎಂಬುದನ್ನೂ ಕೇಳಿಕೊಂಡಾಗಲೇ ಎಲ್ಲೆ ನಡಿಗೆಯು ಸಾಮೂಹಿಕ ಕಲೆ ಎಂಬ ಹೆಸರಿಗೆ ಅರ್ಹವಾಗುತ್ತದೆ.