ಸುಗಂಧರಾಜವೋ, ಜಾಜಿಯೋ?

ಕಳೆದ ಯುಗಾದಿಯ ಹೊತ್ತಿಗೆ ಅಮ್ಮ ಹ್ಯೂಸ್ಟನ್ನಿಗೆ ಬಂದಿದ್ದಾಗ ನಮ್ಮ ಮನೆಯಲ್ಲಿ ಎರಡು ಸೆಂಟಿನ ಸೀಸೆಗಳ ವ್ಯಾಜ್ಯ ನಡೆಯಿತು. ಒಂದು, ಡಲ್ಲಾಸಿನ ನಾದಿನಿ ತಂದ ‘ಫ್ರಾಕಾ’. (ಅವಳ ಊರಿನ ಕನ್ನಡ ಸಂಘದ ಹೆಸರೇ ‘ಮಲ್ಲಿಗೆ’; ತಂದದ್ದು ಮಾತ್ರ ಸುಗಂಧರಾಜ!) ಇನ್ನೊಂದು, ಆಸ್ಟಿನ್ನಿನ ಗೆಳತಿ ಕಪಾಟಿನಲ್ಲಿ ಬಹುಕಾಲ ಕಾಪಾಡಿದ್ದ ‘ಜಾಯ್’. ಎರಡೂ ಬಿಳಿ ಹೂವಿನ ಸಿಹಿ ಕಂಪೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಹೂ ಮುಡಿದಿಲ್ಲ. ಮಕ್ಕಳು ನಾವು ಯಾರೂ ಬೇಡವೆಂದಿರಲಿಲ್ಲ; ಊರವರು ಹೇಳುವ ಮೊದಲೇ ತಾವೇ ಬಿಟ್ಟರು. 2021ರ ಫೆಬ್ರವರಿಯ ಹಿಮಕ್ಕೆ ನನ್ನ ಕುಂಡದ ಮಲ್ಲಿಗೆ ಸತ್ತು, ಮತ್ತೆ ನೆಟ್ಟ ಗಿಡದ ಹೂವೆಲ್ಲ ದೇವರಿಗೇ. ಮಣಿಕಟ್ಟಿಗೆ ಒಂದು ಹನಿ ಸೆಂಟು ಹಚ್ಚಿದರೆ ತಪ್ಪೇನು, ಎಂಬುದು ನನ್ನ ವಾದ.

ಫ್ರಾಕಾ 1948ರದು. ಪ್ಯಾರಿಸ್ಸಿನ ರೊಬೇರ್ ಪಿಗೇ ಸಂಸ್ಥೆಗಾಗಿ ಜೆರ್ಮೆನ್ ಸೆಲಿಯೇ ಎಂಬ ಮಹಿಳೆ ಮಾಡಿದ್ದು. ಹೆಸರಿನ ಅರ್ಥ ಗದ್ದಲ, ಸ್ವಭಾವವೂ ಹಾಗೆಯೇ. ಬೆಣ್ಣೆಯಂಥ ದಪ್ಪ ಸಿಹಿ, ನಾವು ಕೋಣೆಗೆ ಕಾಲಿಡುವ ಮೊದಲೇ ಅದು ಒಳಗಿರುತ್ತದೆ. ನಮ್ಮ ಹಾರಗಳ ಈ ಸುಗಂಧರಾಜದ ತವರು ನಮ್ಮ ಟೆಕ್ಸಾಸಿನ ಪಕ್ಕದ ಮೆಕ್ಸಿಕೋ ಎಂದರೆ ಅಮ್ಮ ನಂಬಲೇ ಇಲ್ಲ.

ಜಾಯ್ 1930ರದು, ಜಾನ್ ಪಾಟೂ ಸಂಸ್ಥೆಗೆ ಆನ್ರಿ ಅಲ್ಮೆರಾಸ್ ಮಾಡಿದ್ದು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದ ಬೆನ್ನಲ್ಲೇ, ಜಗತ್ತಿನ ಅತಿ ದುಬಾರಿ ಸುಗಂಧವೆಂದು ಸಾರಿ ಮಾರಿದರು. ಎಂಥ ಧೈರ್ಯ ನೋಡಿ! 2018ರಲ್ಲಿ ಆ ಹೆಸರು ಡಿಯೋರ್ ಕಂಪನಿಯ ಬೇರೊಂದು ಸೀಸೆಗೆ ಹೋಯಿತು. ಪಾಟೂವಿನ ಹಳೆಯದರ ತಯಾರಿಕೆ ನಿಂತಿದೆ.

ಮಲ್ಲಿಗೆ, ಸುಗಂಧರಾಜಗಳನ್ನು ಕಿತ್ತ ಮೇಲೂ ಅವು ಗಂಟೆಗಟ್ಟಲೆ ಹೊಸ ಕಂಪನ್ನು ಹುಟ್ಟಿಸುತ್ತಲೇ ಇರುತ್ತವೆ. ಅದಕ್ಕೇ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಹಿಂದೆ ಕೊಬ್ಬು ಸವರಿದ ಗಾಜಿನ ಮೇಲೆ ಹೂ ಹರಡಿ, ದಿನವೂ ಬದಲಿಸಿ, ಕಂಪನ್ನು ಕೊಬ್ಬಿಗೆ ಹೀರಿಸುತ್ತಿದ್ದರು. ಸಂಜೆ ಮುಡಿದ ದಂಡೆ ನಡುರಾತ್ರಿ ಇನ್ನಷ್ಟು ಘಮ್ಮೆನ್ನುವುದೂ ಇದರಿಂದಲೇ.

ಅಮ್ಮನ ಎಡಗೈಗೆ ಫ್ರಾಕಾ, ಬಲಗೈಗೆ ಜಾಯ್ ಹಚ್ಚಿದೆ. ಎಡಗೈ ಮೂಸಿ, “ಇದು ಹಾರದ ಹೂವು. ನಮ್ಮ ಮದುವೆಗೂ ಇದೇ, ನಿಮ್ಮಪ್ಪನಿಗೆ ಕೊನೆಗೆ ಹಾಕಿದ್ದೂ ಇದೇ” ಎಂದು ಎದ್ದು ಹೋಗಿ ಸೋಪು ಹಾಕಿ ತೊಳೆದುಕೊಂಡರು. ನನಗೆ ಇದು ಹೊಳೆದೇ ಇರಲಿಲ್ಲ.

ಬಹಳ ಹೊತ್ತಿನ ನಂತರ ಬಲಗೈ ಮೂಸಿದರು. “ನೀನು ಹೇಳಿದ ಮಲ್ಲಿಗೆ ಅಲ್ಲ ಕಣೇ, ಜಾಜಿ. ಗುಲಾಬಿಯೂ ಇದೆ.” ಅವರ ಮಾತೇ ಸರಿ. ಗ್ರಾಸಿನಲ್ಲಿ ಬೆಳೆಯುವುದು ನಮ್ಮ ಜಾಜಿಯನ್ನೇ, ದುಂಡು ಮಲ್ಲಿಗೆಯನ್ನಲ್ಲ.

ಕನ್ನಡ ವೃಂದದ ಯುಗಾದಿ ಊಟಕ್ಕೆ ಹೊರಟಾಗ ಅಮ್ಮ ಯಾರನ್ನೂ ಕೇಳದೆ ಜಾಯ್ ಸೀಸೆಯ ಮುಚ್ಚಳ ತೆಗೆದರು. ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳಂತೆ ಬೇರೆ ಕಡೆ ನೋಡಿದೆ.

ಫ್ರಾಕಾ ನನ್ನಲ್ಲೇ ಉಳಿದಿದೆ, ನನಗೆ ಇಷ್ಟವೂ ಹೌದು. ಆದರೆ ಎರಡು ಹನಿಗಿಂತ ಹೆಚ್ಚು ಹಚ್ಚಿಕೊಂಡು ಮನೆಮಂದಿಯೊಡನೆ ಕಾರಿನಲ್ಲಿ ಆಸ್ಟಿನ್ನಿಗೆ ಹೊರಡಬೇಡಿ. ಸುಮಾರು ಮೂರು ಗಂಟೆಯ ದಾರಿ.