ಗಣಕಕ್ಕೆ ತಾರೀಖು ಬರೆಯಲು ಕಲಿಸಿದ ಬಗೆ

‘೩-೪-೨೦೧೪’ ಎಂಬುದನ್ನು ನಾವು ಏಪ್ರಿಲ್ ಮೂರು ಎಂದು ಓದುತ್ತೇವೆ. ಅಮೆರಿಕದವರು ಮಾರ್ಚ್ ನಾಲ್ಕು ಎನ್ನುತ್ತಾರೆ. ಮನುಷ್ಯರಲ್ಲಿಯೇ ಹೀಗಿರಲು, ಗಣಕಯಂತ್ರಕ್ಕೆ ತಾರೀಖು ಬರೆಯಲು ಕಲಿಸುವುದು ಸುಲಭವಲ್ಲವೆಂಬುದನ್ನು ವಾಚಕರು ಊಹಿಸಬಹುದು.

ಜಾವಾ ಎಂಬ ಗಣಕಭಾಷೆ ೧೯೯೬ರಲ್ಲಿ ಬಳಕೆಗೆ ಬಂದಿತು. ಅದು ವರ್ಷವನ್ನು ೧೯೦೦ರಿಂದಲೂ ತಿಂಗಳನ್ನು ಸೊನ್ನೆಯಿಂದಲೂ ಎಣಿಸುತ್ತಿತ್ತು. ದಿನವನ್ನು ಮಾತ್ರ ನಮ್ಮಂತೆಯೇ ಒಂದರಿಂದ! ಹೀಗಾಗಿ ೨೦೧೪, ೩, ೧೮ ಎಂದು ಕೊಟ್ಟರೆ ಅದಕ್ಕೆ ಅರ್ಥವಾಗುತ್ತಿದ್ದುದು ೩೯೧೪ನೆಯ ಇಸವಿಯ ಏಪ್ರಿಲ್ ೧೮.

ಇದಾದರೂ ಕಣ್ಣಿಗೆ ಕಾಣುವ ದೋಷ. ತಾರೀಖನ್ನು ಅಕ್ಷರರೂಪಕ್ಕೆ ತರಲು ೧೯೯೭ರಲ್ಲಿ ಸೇರಿಸಿದ ಸಾಧನದ ದೋಷ ಕಾಣದಂಥದು. ಆ ಸಾಧನವು ತಾನು ಬರೆಯುತ್ತಿರುವ ತಾರೀಖನ್ನು ತನ್ನೊಳಗೇ ಗುರುತುಹಾಕಿಕೊಳ್ಳುತ್ತಿತ್ತು. ಇಬ್ಬರು ಹುಡುಗರು ಒಂದೇ ಹಲಗೆಯ ಮೇಲೆ ಏಕಕಾಲದಲ್ಲಿ ಲೆಕ್ಕ ಮಾಡಿದರೆ ಏನಾದೀತು? ಒಬ್ಬನ ಅಂಕಿಯನ್ನು ಇನ್ನೊಬ್ಬನು ಅಳಿಸುತ್ತಾನೆ. ಹಾಗೆಯೇ ಒಂದೇ ಪ್ರೋಗ್ರಾಮು ಇಬ್ಬರು ಗಿರಾಕಿಗಳ ಕೆಲಸವನ್ನು ಒಟ್ಟಿಗೆ ನಡೆಸುವಾಗ ಒಬ್ಬನ ತಾರೀಖು ಮತ್ತೊಬ್ಬನ ರಸೀದಿಗೆ ನುಸುಳುವ ಸಂಭವವಿತ್ತು. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದೆ ಸುಳ್ಳನ್ನು ಅಚ್ಚುಹಾಕುವುದು ಕೆಟ್ಟುನಿಲ್ಲುವುದಕ್ಕಿಂತ ಅಪಾಯಕರವಷ್ಟೆ.

ಈ ಭಾಷೆಗೆ ಹೊಸದನ್ನು ಸೇರಿಸಬೇಕೆಂಬುವರು ಲಿಖಿತ ಪ್ರಸ್ತಾವ ಸಲ್ಲಿಸಿ ತಜ್ಞರ ವಿಮರ್ಶೆಗೆ ಒಪ್ಪಿಸಬೇಕು. ೨೦೦೭ರಲ್ಲಿ ಸ್ಟೀಫನ್ ಕೋಲ್‌ಬೋರ್ನ್ ಮುಂತಾದವರು ಮುಂದಿಟ್ಟ ಪ್ರಸ್ತಾವದ ಸಂಖ್ಯೆ ೩೧೦. ಅದರ ಪ್ರಕಾರ ತಿಂಗಳುಗಳು ಒಂದರಿಂದ ಆರಂಭವಾದವು. ಬರೆಯುವ ಸಾಧನವು ಹಲಗೆಯಂತಿರದೆ ರಬ್ಬರ್ ಮೊಹರಿನಂತಾಯಿತು. ಮೊಹರನ್ನು ಎಷ್ಟು ಮಂದಿ ಒತ್ತಿದರೂ ಅದರ ಅಕ್ಷರ ಬದಲಾಗದು. ಇದು ಜಾವಾದಲ್ಲಿ ನೆಲೆಗೊಂಡುದು ೨೦೧೪ರ ಮಾರ್ಚ್ ೧೮ರಂದು. ಏಳು ವರ್ಷದ ವಿಳಂಬವನ್ನು ಆಕ್ಷೇಪಿಸುವವರುಂಟು. ನಮಗೆ ಅದು ಸಮಂಜಸವೆಂದೇ ತೋರುತ್ತದೆ. ಒಮ್ಮೆ ಸೇರಿಸಿದುದನ್ನು ಕಿತ್ತೊಗೆಯುವುದು ಅಷ್ಟು ಸುಲಭವಲ್ಲ; ನೆಚ್ಚಿಕೊಂಡ ಪ್ರೋಗ್ರಾಮುಗಳಿರುವುದರಿಂದ ಆ ಹಳೆಯ ಸಾಧನ ಇಂದಿಗೂ ಜಾವಾದಲ್ಲಿದೆ!

ಮೊಹರಿನ ಅಕ್ಷರಗಳನ್ನು ಆರಿಸುವಾಗ ಮಾತ್ರ ಈಗಲೂ ಎಚ್ಚರ ಬೇಕು. ದೊಡ್ಡ ‘ಎಂ’ ತಿಂಗಳಿಗೆ, ಸಣ್ಣ ‘ಎಂ’ ನಿಮಿಷಕ್ಕೆ. ಸಣ್ಣ ‘ವೈ’ ನಮ್ಮ ಕ್ಯಾಲೆಂಡರಿನ ವರ್ಷಕ್ಕೆ, ದೊಡ್ಡ ‘ವೈ’ ವಾರಗಳ ಎಣಿಕೆಯ ವರ್ಷಕ್ಕೆ. ವಾರದ ಲೆಕ್ಕದಲ್ಲಿ ೨೦೧೪ರ ಡಿಸೆಂಬರ್ ೨೯, ಸೋಮವಾರ, ೨೦೧೫ರ ಮೊದಲನೆಯ ವಾರಕ್ಕೆ ಸೇರುತ್ತದೆ. ದೊಡ್ಡ ‘ವೈ’ ಬಳಸಿದವನ ಯಂತ್ರವು ಆ ದಿನ ೨೯-೧೨-೨೦೧೫ ಎಂದು ಬರೆಯುತ್ತದೆ. ಜೂನ್ ತಿಂಗಳಿನಲ್ಲಿ ಪರೀಕ್ಷಿಸಿ ನೋಡಿದವನಿಗೆ ಈ ತಪ್ಪು ಕಾಣುವುದೇ ಇಲ್ಲ.