ಕಡಲು ಕಾಣದವರ ಹಾಯಿದೋಣಿ

ಮೂವತ್ತೆರಡರಲ್ಲಿ ಐದು ಕಳೆದರೆ ಇಪ್ಪತ್ತೇಳು. ಒಂದನೇ ತರಗತಿಯ ಈ ಲೆಕ್ಕ ಭಾರತಕ್ಕೆ ಒಂದು ಬೆಳ್ಳಿ ಪದಕ ತಂದುಕೊಟ್ಟಿದೆ ಅಂದರೆ ನಂಬುತ್ತೀರಾ?

2023ರ ಸೆಪ್ಟೆಂಬರ್. ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ. ಬಾಲಕಿಯರ ಹಾಯಿದೋಣಿ ಸ್ಪರ್ಧೆಯಲ್ಲಿ ನೇಹಾ ಠಾಕೂರ್ ಎಂಬ ಹದಿನೇಳರ ಹುಡುಗಿ 11 ಸುತ್ತು ದೋಣಿ ಓಡಿಸಿ ಗಳಿಸಿದ ಒಟ್ಟು ಅಂಕ 32. ಅತಿ ಕೆಟ್ಟ ಸುತ್ತಿನ 5 ಅಂಕ ಕಳೆದು ಉಳಿದದ್ದು 27. ಥಾಯ್ಲೆಂಡಿನ ಹುಡುಗಿ 16 ಅಂಕದೊಂದಿಗೆ ಚಿನ್ನ ಗೆದ್ದಳು. ಸಿಂಗಪುರದ ಹುಡುಗಿಗೆ 28 ಅಂಕ, ಕಂಚು. ನಡುವೆ ನಮ್ಮ ನೇಹಾ. ಬೆಳ್ಳಿಗೂ ಕಂಚಿಗೂ ಇದ್ದ ಅಂತರ ಒಂದೇ ಒಂದು ಅಂಕ.

ಕಡಿಮೆ ಅಂಕ ಪಡೆದವರು ಹೇಗೆ ಗೆಲ್ಲುತ್ತಾರೆ ಎಂದು ನೀವು ಕೇಳಬಹುದು. ಹಾಯಿದೋಣಿ ಓಟದ ಲೆಕ್ಕವೇ ತಿರುಗುಮುರುಗು. ಒಂದು ಸುತ್ತಿನಲ್ಲಿ ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹತ್ತನೆಯವರಿಗೆ 10. ಹಲವು ದಿನ, ಹಲವು ಸುತ್ತು. ಕೊನೆಗೆ ಯಾರ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅವರೇ ವಿಜೇತರು. ಪ್ರತಿಯೊಬ್ಬರಿಗೂ ಒಂದು ರಿಯಾಯಿತಿ ಉಂಟು: ಅತಿ ಕೆಟ್ಟದಾಗಿ ಹೋದ ಒಂದು ಸುತ್ತನ್ನು ಲೆಕ್ಕದಿಂದ ಕೈಬಿಡುತ್ತಾರೆ. ಒಂದು ದಿನ ಕೈಕೊಟ್ಟರೂ ಕ್ಷಮೆ ಇದೆ, ಎರಡನೆಯ ಸಲ ಇಲ್ಲ.

ಇದೇ ಕೂಟದಲ್ಲಿ ಪುರುಷರ ಐಎಲ್‌ಸಿಎ 7 ವಿಭಾಗದಲ್ಲಿ ವಿಷ್ಣು ಸರವಣನ್ ಕಂಚು ಗೆದ್ದರು. ಅವರ ಅಂಕ 34. ಬೆಳ್ಳಿ ಗೆದ್ದ ದಕ್ಷಿಣ ಕೊರಿಯಾದ ನಾವಿಕನ ಅಂಕ 33, ಚಿನ್ನ ಗೆದ್ದ ಸಿಂಗಪುರದವರದ್ದು 26. ಅಂದರೆ ಲೆಕ್ಕಕ್ಕೆ ಬಂದ ಯಾವುದೋ ಸುತ್ತಿನಲ್ಲಿ ಇನ್ನಿಬ್ಬರನ್ನು ಹಿಂದೆ ಹಾಕಿದ್ದರೆ ಬೆಳ್ಳಿ ಅವರದ್ದಾಗುತ್ತಿತ್ತು. ಒಂದು ಅಂಕ ನೇಹಾಳಿಗೆ ಬೆಳ್ಳಿ ಕೊಟ್ಟಿತು, ಇನ್ನೊಂದು ಅಂಕ ವಿಷ್ಣುವಿನಿಂದ ಬೆಳ್ಳಿ ಕಸಿದುಕೊಂಡಿತು. ಪುರುಷರ ವಿಂಡ್‌ಸರ್ಫಿಂಗ್‌ನಲ್ಲಿ ಇಬಾದ್ ಅಲಿ ಇನ್ನೊಂದು ಕಂಚು ತಂದರು. ಒಟ್ಟು ಮೂರು ಪದಕ. ಕ್ರಿಕೆಟ್ ಮತ್ತು ಕಬಡ್ಡಿಯ ಸುದ್ದಿಯ ನಡುವೆ ಈ ಮೂರೂ ಎಷ್ಟು ಜನರ ಕಣ್ಣಿಗೆ ಬಿದ್ದವೋ ಗೊತ್ತಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಪದಕವಲ್ಲ, ಊರು. ನೇಹಾ ದೇವಾಸ್ ಜಿಲ್ಲೆಯ ಹಳ್ಳಿಯೊಂದರ ರೈತನ ಮಗಳು. ದೇವಾಸ್ ಇರುವುದು ಮಧ್ಯಪ್ರದೇಶದಲ್ಲಿ. ಆ ರಾಜ್ಯಕ್ಕೆ ಒಂದಂಗುಲ ಕಡಲ ತೀರವೂ ಇಲ್ಲ. ಅವಳು ದೋಣಿ ಕಲಿತದ್ದು ಭೋಪಾಲದ ರಾಷ್ಟ್ರೀಯ ಸೇಲಿಂಗ್ ಶಾಲೆಯಲ್ಲಿ, ಅಲ್ಲಿನ ದೊಡ್ಡ ಕೆರೆಯ ನೀರಿನಲ್ಲಿ.  ಆ ಬೆಳ್ಳಿ ಪದಕ ಬಂದದ್ದು ಒಂದು ಕೆರೆಯಿಂದ!

ನಮ್ಮೂರು ಸರಸಂಬಾ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಗಡಿ ಊರು. ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಾಣುವುದು ತೊಗರಿ ಹೊಲ. ಸಮುದ್ರ ಪಶ್ಚಿಮಕ್ಕೆ ಮುನ್ನೂರು ಕಿ.ಮೀ.ಗಿಂತ ಆಚೆ. ಊರಿನ ಹಿರಿಯರಲ್ಲಿ ಸಮುದ್ರ ನೋಡದವರು ಎಷ್ಟೋ ಮಂದಿ. ನಮ್ಮ ಪಾಲಿಗೆ ದೊಡ್ಡ ನೀರು ಅಂದರೆ ಅಮರ್ಜಾ ಜಲಾಶಯ, ಇಲ್ಲವೇ ಭೀಮಾ ನದಿ, ಕಲಬುರಗಿಗೆ ಹೋದರೆ ಅಪ್ಪನ ಕೆರೆ. ಮೊಬೈಲಿನಲ್ಲಿ ನೇಹಾಳ ಓಟ ನೋಡುತ್ತ ಕೂತಿದ್ದಾಗ ಅಪ್ಪ ಬಗ್ಗಿ ನೋಡಿ ಕೇಳಿದರು: ‘ಏನ್ ತಮ್ಮಾ, ಡೋಣಿ ನಡಸೋರಿಗೂ ಮೆಡಲ್ ಕೊಡ್ತಾರೇನು?’ ‘ಈಕಿ ನಮ್ಮಂಗ ಒಕ್ಕಲತನ ಮಾಡೋರ ಮಗಳು ಅಪ್ಪಾ’ ಅಂದೆ. ಅಪ್ಪ ಪಕ್ಕದಲ್ಲಿ ಕೂತು ಪೂರಾ ನೋಡಿದರು.

ನಾನು ಓದುತ್ತಿರುವುದು ಬಿ.ಇ. ಮೆಕ್ಯಾನಿಕಲ್. ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಠದಲ್ಲಿ ಲಿಫ್ಟ್ ಮತ್ತು ಡ್ರ್ಯಾಗ್ ಎಂಬ ಎರಡು ಬಲಗಳು ಬರುತ್ತವೆ. ಪುಸ್ತಕದಲ್ಲಿ ಉದಾಹರಣೆ ಯಾವಾಗಲೂ ವಿಮಾನದ ರೆಕ್ಕೆಯದ್ದೇ. ಹಾಯಿಯೂ ಒಂದು ರೆಕ್ಕೆಯೇ, ನೆಟ್ಟಗೆ ನಿಲ್ಲಿಸಿದ ಬಟ್ಟೆಯ ರೆಕ್ಕೆ. ಗಾಳಿ ಹಿಂದಿನಿಂದ ತಳ್ಳಿದರೆ ಮಾತ್ರ ದೋಣಿ ಓಡುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಬಾಗಿದ ಹಾಯಿಯ ಎರಡೂ ಬದಿಗೆ ಗಾಳಿ ಹರಿದಾಗ ಒತ್ತಡದ ವ್ಯತ್ಯಾಸ ಹುಟ್ಟುತ್ತದೆ, ಅದು ದೋಣಿಯನ್ನು ಓರೆಯಾಗಿ ಎಳೆಯುತ್ತದೆ. ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟ ಹಲಗೆಯೊಂದು ಅದು ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಪಕ್ಕಕ್ಕೆ ಹೋಗಲು ದಾರಿಯಿಲ್ಲದ ಬಲ ಮುಂದಕ್ಕೆ ತಿರುಗುತ್ತದೆ. ಹೀಗಾಗಿ ಗಾಳಿ ಬರುವ ಕಡೆಗೇ ದೋಣಿ ಸಾಗಬಹುದು. ಆದರೆ ನೇರವಾಗಿ ಅಲ್ಲ. ಸುಮಾರು 45 ಡಿಗ್ರಿ ಕೋನದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹಾವಿನಂತೆ ಹೊರಳುತ್ತ ಹೋಗಬೇಕು. ಯಾವಾಗ ಹೊರಳಬೇಕು ಅನ್ನುವುದರಲ್ಲೇ ಆಟ ಇದೆ. ಗಾಳಿ ಸ್ವಲ್ಪ ದಿಕ್ಕು ಬದಲಿಸಿದ್ದನ್ನು ನೀರಿನ ಮೇಲಿನ ಸುಕ್ಕು ನೋಡಿ ಮೊದಲು ಗುರುತಿಸಿದವರಿಗೆ ಹತ್ತು ದೋಣಿಗಳನ್ನು ದಾಟುವ ಅವಕಾಶ.

ಇದರಲ್ಲಿ ನನಗೆ ಇಷ್ಟವಾದ ಇನ್ನೊಂದು ಸಂಗತಿ, ದೋಣಿಗಳ ಸಮಾನತೆ. ಐಎಲ್‌ಸಿಎ ಎಂಬ ಈ ದೋಣಿ ಹಿಂದೆ ಲೇಸರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಉದ್ದ 4.2 ಮೀಟರ್, ಒಡಲಿನ ತೂಕ 60 ಕೆ.ಜಿ.ಯ ಆಸುಪಾಸು, ಓಡಿಸುವವರು ಒಬ್ಬರೇ. ಹಾಯಿಯ ವಿಸ್ತೀರ್ಣದಿಂದಲೇ ವಿಭಾಗಗಳ ಹೆಸರು: ವಿಷ್ಣು ಓಡಿಸುವ 7ರ ಹಾಯಿ ಸುಮಾರು 7 ಚದರ ಮೀಟರ್, ನೇಹಾ ಓಡಿಸಿದ 4ರ ಹಾಯಿ 4.7 ಚದರ ಮೀಟರ್. ಒಂದು ವಿಭಾಗದಲ್ಲಿ ಎಲ್ಲರದ್ದೂ ಒಂದೇ ಅಳತೆಯ ದೋಣಿ. ಸಾಹುಕಾರ ದೇಶದವರು ಹೆಚ್ಚು ದುಡ್ಡು ಸುರಿದು ವೇಗದ ದೋಣಿ ಕಟ್ಟಿ ತರುವಂತಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕಾಸ್ ಕಪ್. 1851ರಲ್ಲಿ ಶುರುವಾದ, ಜಗತ್ತಿನ ಹಾಯಿದೋಣಿ ಓಟಗಳಲ್ಲೇ ದೊಡ್ಡ ಹೆಸರಿನ ಟ್ರೋಫಿ. ಅಲ್ಲಿ ದೋಣಿಯ ವಿನ್ಯಾಸವೇ ಅರ್ಧ ಯುದ್ಧ. ಒಂದೂವರೆ ಶತಮಾನದ ಕಾಲ ಯುರೋಪಿನ ಯಾವ ದೇಶಕ್ಕೂ ಅದನ್ನು ಗೆಲ್ಲಲು ಆಗಿರಲಿಲ್ಲ, ನಾವಿಕರ ನಾಡಾದ ಬ್ರಿಟನ್ನಿಗೂ ಆಗಿರಲಿಲ್ಲ. 2003ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋಗಿ, ಮೊದಲ ಪ್ರಯತ್ನದಲ್ಲೇ, ಆತಿಥೇಯರನ್ನು 5–0ಯಿಂದ ಸೋಲಿಸಿ ಕಪ್ ಎತ್ತಿಕೊಂಡು ಬಂದ ದೇಶ ಯಾವುದು ಗೊತ್ತೇ? ಸ್ವಿಟ್ಜರ್ಲೆಂಡ್. ಸಮುದ್ರವೇ ಇಲ್ಲದ, ಬರೀ ಬೆಟ್ಟ ಮತ್ತು ಸರೋವರಗಳ ದೇಶ! ಆ ‘ಅಲಿಂಗಿ’ ತಂಡದ ಬೆನ್ನಿಗೆ ವೈಜ್ಞಾನಿಕ ಸಲಹೆಗಾರರಾಗಿ ನಿಂತದ್ದು ಲೊಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ನಮ್ಮಂಥದೇ ಎಂಜಿನಿಯರಿಂಗ್ ಮೇಷ್ಟ್ರುಗಳು ಮತ್ತು ವಿದ್ಯಾರ್ಥಿಗಳು. ಗೆದ್ದ ಮೇಲೆ ಒಂದು ತಮಾಷೆಯ ತೊಡಕು ಎದುರಾಯಿತು. ಕಪ್ ಗೆದ್ದವರು ಮುಂದಿನ ಓಟವನ್ನು ತಮ್ಮಲ್ಲಿ ನಡೆಸುವುದು ವಾಡಿಕೆ, ಆದರೆ ಸ್ವಿಸ್ಸರಿಗೆ ಕಡಲೆಲ್ಲಿ? 2007ರ ಓಟವನ್ನು ಸ್ಪೇನಿನ ವೆಲೆನ್ಸಿಯಾದಲ್ಲಿ ನಡೆಸಿದರು, ಅಲ್ಲೂ ಗೆದ್ದರು.

ಪೂರ್ತಿ ಕತೆ ಹೇಳಬೇಕೆಂದರೆ, 2003ರ ಅಲಿಂಗಿಯ ನಾಯಕ ರಸೆಲ್ ಕೌಟ್ಸ್ ನ್ಯೂಜಿಲೆಂಡಿನವರು. ಅದಕ್ಕೂ ಮೊದಲು ಅದೇ ಕಪ್ಪನ್ನು ತಮ್ಮ ದೇಶಕ್ಕೆ ಗೆದ್ದುಕೊಟ್ಟವರು. ದುಡ್ಡಿದ್ದ ತಂಡ ಜಾಣ ನಾವಿಕರನ್ನು ಕರೆತಂದಿತ್ತು. ಒಲಿಂಪಿಕ್ಸ್ ಮತ್ತು ಏಷ್ಯನ್ ಕೂಟದಲ್ಲಿ ಆ ದಾರಿ ಇಲ್ಲ. ಅಲ್ಲಿ ನಾವಿಕರನ್ನು ದೇಶ ತಾನೇ ಬೆಳೆಸಬೇಕು. ಹಾಗಾದರೆ ಭಾರತ ಎಲ್ಲಿ ಬೆಳೆಸುತ್ತಿದೆ?

ಒಂದು ಉತ್ತರ ನಮ್ಮ ರಾಜಧಾನಿಯಲ್ಲೇ ಇದೆ. ವಿಷ್ಣು ಸರವಣನ್ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸುಬೇದಾರ್. ಹೆಸರಿನಲ್ಲಿ ಮದ್ರಾಸ್ ಇದ್ದರೂ ಈ ಪಡೆಯ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಬಳಿ. ಸೇನೆಯಲ್ಲಿದ್ದ ತಂದೆಯೇ ಅವರಿಗೆ ಹಾಯಿ ಹಿಡಿಯಲು ಕಲಿಸಿದ ಮೊದಲ ಗುರು. 2019ರಲ್ಲಿ 21 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 20ನೇ ಸ್ಥಾನ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 18ನೇ ಸ್ಥಾನ. ಪ್ಯಾರಿಸ್ ಕೂಟದ ಹಾಯಿ ಓಟ ನಡೆದದ್ದು ಮಾರ್ಸೆ ಬಂದರಿನಲ್ಲಿ. ಅಲ್ಲಿ ಗಾಳಿಯೇ ಕೈಕೊಟ್ಟು ಕೆಲವು ಸುತ್ತುಗಳು ರದ್ದಾದವು.

ಚೆನ್ನೈನ ನೇತ್ರಾ ಕುಮನನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ನಾವಿಕೆ. ಟೋಕಿಯೊದಲ್ಲಿ 35ನೇ ಸ್ಥಾನದಲ್ಲಿದ್ದವರು ಪ್ಯಾರಿಸ್‌ನಲ್ಲಿ 21ಕ್ಕೆ ಏರಿದರು. ಅವರೂ ನಮ್ಮ ಹಾಗೆಯೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ತರಗತಿಯಲ್ಲಿ ಕೂತವರು. ಕೊಡಗು ಮೂಲದ ಕೆ.ಸಿ. ಗಣಪತಿ ಮತ್ತು ಅವರ ಜೊತೆಗಾರ ವರುಣ್ ಠಕ್ಕರ್ ಇಬ್ಬರು ಓಡಿಸುವ 49ಇಆರ್ ದೋಣಿಯಲ್ಲಿ 2018ರ ಏಷ್ಯನ್ ಕೂಟದ ಕಂಚು ಗೆದ್ದು, ಟೋಕಿಯೊದಲ್ಲಿ 17ನೇ ಸ್ಥಾನ ಪಡೆದರು. ಏಷ್ಯನ್ ಕೂಟದಲ್ಲಿ ಭಾರತ ಚಿನ್ನವನ್ನೂ ಕಂಡಿದೆ: 1982ರಲ್ಲಿ ಫಾರೂಖ್ ತಾರಾಪೂರ್ ಮತ್ತು ಜರೀರ್ ಕರಂಜಿಯಾ ಜೋಡಿ ಫೈರ್‌ಬಾಲ್ ವಿಭಾಗದಲ್ಲಿ ಗೆದ್ದಿತ್ತು. ಒಲಿಂಪಿಕ್ಸ್ ಪದಕ ಮಾತ್ರ ಇನ್ನೂ ಬಂದಿಲ್ಲ.

20, 18, 17, 21. ಸ್ಪರ್ಧೆ ಗೆದ್ದವರ ಹೆಸರನ್ನಷ್ಟೇ ಬಾಯಿಪಾಠ ಮಾಡುವ ನಮಗೆ ಇವು ಸೋಲಿನ ಸಂಖ್ಯೆಗಳಂತೆ ಕಾಣುತ್ತವೆ. ಆದರೆ ಒಲಿಂಪಿಕ್ಸ್‌ನಲ್ಲಿ ಹತ್ತರೊಳಗೆ ಬಂದವರಷ್ಟೇ ಕೊನೆಯ ಪದಕ ಸುತ್ತಿಗೆ ಹೋಗುತ್ತಾರೆ. 35ರಿಂದ 21ಕ್ಕೆ ಬಂದವರಿಗೆ ಹತ್ತು ಎಷ್ಟು ದೂರ ಎಂದು ಲೆಕ್ಕ ಹಾಕಿದರೆ ಈ ಸಂಖ್ಯೆಗಳ ಬೆಲೆ ತಿಳಿಯುತ್ತದೆ.

ಇನ್ನೊಂದು ಉತ್ತರ ನಮಗೆ ಬೆಂಗಳೂರಿಗಿಂತಲೂ ಹತ್ತಿರ ಇದೆ. ಕಲಬುರಗಿ ಭಾಗದವರು ಆಸ್ಪತ್ರೆಗೆ, ಕೋಚಿಂಗಿಗೆ, ಕೆಲಸಕ್ಕೆ ರೈಲು ಹತ್ತುವುದು ಹೈದರಾಬಾದಿಗೆ. ಟ್ಯಾಂಕ್ ಬಂಡ್ ಮೇಲೆ ನಿಂತು ಹುಸೇನ್ ಸಾಗರದ ಬುದ್ಧನ ಫೋಟೊ ತೆಗೆಯದವರು ಕಡಿಮೆ. ಅದೇ ನೀರಿನಲ್ಲಿ ಮಳೆಗಾಲದ ಗಾಳಿ ಬೀಸುವಾಗ ‘ಹೈದರಾಬಾದ್ ಸೇಲಿಂಗ್ ವೀಕ್’ ನಡೆಯುತ್ತದೆ, ದೇಶದ ನಾನಾ ಕಡೆಯ ನಾವಿಕರು ಬರುತ್ತಾರೆ. ಅಲ್ಲಿನ ಯಾಟ್ ಕ್ಲಬ್ ಬಡ ಕುಟುಂಬಗಳ ಮಕ್ಕಳಿಗೆ ದೋಣಿ ಕಲಿಸಿ ರಾಷ್ಟ್ರೀಯ ಪಂದ್ಯಗಳಿಗೆ ಕಳುಹಿಸಿದೆ. ಯಾಟ್ ಅಂದರೆ ಸಿನಿಮಾದಲ್ಲಿ ಕೋಟ್ಯಧಿಪತಿ ಪಾರ್ಟಿ ಮಾಡುವ ಹಡಗು ಎಂದುಕೊಂಡಿದ್ದ ನನ್ನ ಗೆಳೆಯರಿಗೆ ಇದನ್ನು ಹೇಳಿದರೆ ನಗುತ್ತಾರೆ. ಭೋಪಾಲ, ಹೈದರಾಬಾದ್, ಹಲಸೂರು. ಮೂರೂ ಕೆರೆಗಳೇ. ಕೆರೆ ಕಟ್ಟುವುದು ನಮ್ಮ ಬಯಲುಸೀಮೆಗೆ ಹೊಸ ವಿದ್ಯೆಯೇನಲ್ಲ.

ನಾಳೆಯೇ ಅಮರ್ಜಾದಲ್ಲಿ ಹಾಯಿದೋಣಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಆ ನೀರು ಮೊದಲು ಹೊಲಕ್ಕೆ ಬೇಕು, ಕುಡಿಯಲು ಬೇಕು. ನಾನು ಹೇಳುವುದು ಇಷ್ಟೇ: ಭೋಪಾಲದ ಕೆರೆಯೂ ನೂರಾರು ವರ್ಷ ಬರೀ ಕೆರೆಯಾಗಿಯೇ ಇತ್ತು. ಅಲ್ಲಿ ಯಾರೋ ಒಂದು ಶಾಲೆ ತೆರೆದರು, ದೋಣಿ ತಂದರು, ಹಳ್ಳಿಯ ಮಕ್ಕಳನ್ನು ಆಯ್ದು ಕರೆದರು. ರೈತನ ಮಗಳೊಬ್ಬಳು ಆ ಬಾಗಿಲಿನೊಳಗೆ ಕಾಲಿಟ್ಟಳು. ಬಾಗಿಲು ಇರದಿದ್ದರೆ ಅವಳಿಗೆ ತನ್ನೊಳಗಿನ ನಾವಿಕಳ ಸುಳಿವೇ ಸಿಗುತ್ತಿರಲಿಲ್ಲ. ನಮ್ಮ ಹೋಬಳಿಗಳಲ್ಲಿ ಹೀಗೆ ಸುಳಿವೇ ಸಿಗದೆ ಉಳಿದ ಮಕ್ಕಳು ಎಷ್ಟೋ!

ಕೆಲಸ ಹುಡುಕುತ್ತಿರುವ ಓದುಗರಿಗೂ ಒಂದು ಮಾತು. ನಮ್ಮಲ್ಲಿ ಬಹಳ ಜನ ಓದುವ ಮೊದಲೇ ಪಟ್ಟಿ ಮಾಡಿಕೊಂಡಿರುತ್ತೇವೆ: ಇದು ನಮ್ಮಂಥವರಿಗೆ, ಇದು ಬೆಂಗಳೂರಿನವರಿಗೆ, ಇದು ಸಾಹುಕಾರರಿಗೆ. ಕ್ಯಾಂಪಸ್ ಸಂದರ್ಶನಕ್ಕೆ ಹೆಸರು ಕೊಡುವಾಗಲೂ ಇದೇ ಪಟ್ಟಿ ತಲೆಯಲ್ಲಿ ಓಡುತ್ತಿರುತ್ತದೆ. ಹಡಗು ವಿನ್ಯಾಸದ ಸ್ನಾತಕೋತ್ತರ ಕೋರ್ಸುಗಳ ವಿವರ ಓದುತ್ತಿದ್ದಾಗ ನನ್ನ ಸಹಪಾಠಿ, ‘ಆಳಂದದಾಗ ಹಡಗ ಎಲ್ಲಿ ನಿಲ್ಲಸ್ತಿ?’ ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪುಟ ಮುಚ್ಚಲಿಲ್ಲ. ಮುಂದಿನ ವರ್ಷದ ಪ್ರಾಜೆಕ್ಟಿಗೆ ಹಾಯಿಯ ಮೇಲಿನ ಗಾಳಿಯ ಹರಿವನ್ನೇ ವಿಷಯವಾಗಿ ಬರೆದುಕೊಟ್ಟಿದ್ದೇನೆ. ಸೀಟು ಸಿಗುತ್ತದೋ, ಕೆಲಸ ಸಿಗುತ್ತದೋ ಹೇಳಲಾರೆ. ಮನೆಯಲ್ಲಿ ಸಂಬಳದ ದಾರಿ ಕಾಯುತ್ತಿರುವುದೂ ಗೊತ್ತಿದೆ. ಅರ್ಜಿ ಹಾಕುವ ಮೊದಲೇ ನನ್ನ ಹೆಸರನ್ನು ನಾನೇ ಹೊಡೆದುಹಾಕುವುದಿಲ್ಲ, ಅಷ್ಟೇ.

2028ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಅಲ್ಲಿ ಹಾಯಿ ಬಿಚ್ಚುವ ಭಾರತೀಯರು ಯಾರೇ ಆಗಿರಲಿ, ಅವರಿಗೆ ಪದಕ ತರುವುದು ಒಂದು ದಿನದ ಸಾಹಸವಲ್ಲ. ಹತ್ತು ಸುತ್ತುಗಳಲ್ಲಿ ಒಬ್ಬೊಬ್ಬರನ್ನೇ ದಾಟಿ ಉಳಿಸಿಕೊಂಡ ಒಂದೊಂದೇ ಅಂಕ ಕೂಡಿ ಅದು ಬರಬೇಕು. ಆ ಓಟ ನಡೆಯುವ ದಿನ ಟಿ.ವಿ.ಯಲ್ಲಿ ಹುಡುಕಿ ನೋಡಿ. ಪಕ್ಕದಲ್ಲಿ ಮನೆಯ ಸಣ್ಣ ಮಕ್ಕಳನ್ನೂ ಕೂರಿಸಿಕೊಳ್ಳಿ.